ಬಿಸ್ಕತ್ತಿನ ಡಬ್ಬಿಯ ಮೂರು ತೋಟಾ

ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಸೂಜಿ ಇಡುವುದಕ್ಕೆ ಒಂದು ಕೊಳವೆ ಇದೆ. ಹೆಬ್ಬೆರಳಿನಷ್ಟು ದಪ್ಪ, ಕಿರುಬೆರಳಿನಷ್ಟು ಉದ್ದ. ರಟ್ಟಿನ ಮೈ, ಹಿತ್ತಾಳೆಯ ತಳ. ಒಂದು ಕಾಲಕ್ಕೆ ಕೆಂಪಗಿತ್ತು, ಈಗ ಯಾವ ಬಣ್ಣ ಎಂದು ಹೇಳುವುದು ಕಷ್ಟ. ಮೊನ್ನೆ ಮೊಮ್ಮಗಳು ಲಂಗದ ಅಂಚು ಬಿಚ್ಚಿಕೊಂಡು ಬಂದವಳು ಅದನ್ನು ಕೈಗೆತ್ತಿಕೊಂಡು ಇದೇನು ಎಂದು ಕೇಳಿದಳು. ಕೋವಿಯ ತೋಟಾ, ಹಾರಿಸಿದ ಮೇಲೆ ಉಳಿಯುವ ಖಾಲಿ ಕೊಳವೆ ಎಂದೆ. ತಿರುಗಿಸಿ ನೋಡಿದಳು, ಮೂಸಿ ನೋಡಿದಳು, "ಇಷ್ಟೇನಾ ಅಜ್ಜಿ?" ಎಂದು ವಾಪಸ್ಸು ಇಟ್ಟು ಟಿವಿಯ ಮುಂದೆ ಹೋಗಿ ಕೂತಳು. ಅಲ್ಲಿ ಕಪ್ಪು ಕನ್ನಡಕದವನೊಬ್ಬ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು, ತಲೆಗೂದಲು ಕೂಡ ಕೆದರದಂತೆ, ಒಂದು ಮದುವೆ ಮನೆಗಾಗುವಷ್ಟು ಜನರನ್ನು ಉರುಳಿಸುತ್ತಿದ್ದ. ನಾನು ಕನ್ನಡಕ ಸರಿಮಾಡಿಕೊಂಡು ಗಮನಿಸಿದೆ. ಅವನು ಒಮ್ಮೆಯೂ ತೋಟಾ ತುಂಬಲಿಲ್ಲ.

ಮೊಮ್ಮಗಳನ್ನು ದೂರುವ ಹಕ್ಕು ನನಗಿಲ್ಲ. ನಾನೂ ಅವಳ ವಯಸ್ಸಿನಲ್ಲಿ, ಮೊದಲ ಸಲ ಒಂದು ಕೋವಿಯನ್ನು ಹತ್ತಿರದಿಂದ ನೋಡಿದಾಗ, ಅಂದದ್ದು ಅದೇ ಮಾತು.

ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ. ಕೂರ್ಗ್ ರಾಜ್ಯ ಎಂದು ನಮ್ಮದೇ ಒಂದು ಪುಟ್ಟ ರಾಜ್ಯವಿತ್ತು. ಅದಕ್ಕೆ ಮಡಿಕೇರಿ ರಾಜಧಾನಿ ಎಂದು ಶಾಲೆಯಲ್ಲಿ ಬರೆದು ನಂಬರು ತೆಗೆದುಕೊಂಡವಳು ನಾನು. ಅಪ್ಪ ಅರಕಲಗೂಡಿನ ಕಡೆಯಿಂದ ಬಂದು ಕಕ್ಕಬೆಯ ಶಾಲೆಯಲ್ಲಿ ಮೇಷ್ಟರಾಗಿದ್ದರು. ಸುತ್ತಮುತ್ತ ಕೊಡವರ ಮನೆಗಳು, ಮನೆಮನೆಗೂ ಕೋವಿ. ಅವರಿಗೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಮನೆಯಲ್ಲಿದ್ದ ಅತಿ ಭಯಂಕರ ಆಯುಧವೆಂದರೆ ಅಮ್ಮನ ಈಳಿಗೆಮಣೆ. ಆಯುಧಪೂಜೆಯ ದಿನ ಅದಕ್ಕೂ ಅಪ್ಪನ ರೂಲುದೊಣ್ಣೆಗೂ ಕುಂಕುಮ ಹಚ್ಚಿ ನಾವು ಕೈಮುಗಿಯುತ್ತಿದ್ದೆವು. ಕುಂಬಳಕಾಯಿ ಹೆಚ್ಚುವ ಸಾಧನಕ್ಕೆ ಕೈಮುಗಿದು ಯಾರಿಗಾದರೂ ಶೌರ್ಯ ಬಂದೀತೆ, ನೀವೇ ಹೇಳಿ.

ನನ್ನ ತಲೆ ಕೆಟ್ಟದ್ದು ವಿರಾಜಪೇಟೆಯಲ್ಲಿ ಟೆಂಟು ಹಾಕಿದ್ದ ಟೂರಿಂಗ್ ಟಾಕೀಸಿನಿಂದ. ಬೇಸಿಗೆ ರಜೆಯಲ್ಲಿ ಅಪ್ಪನ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ ಅವರು ನಮ್ಮನ್ನೆಲ್ಲ ಸಿನಿಮಾಕ್ಕೆ ಕರೆದುಕೊಂಡು ಹೋದರು. ನಾನು ನೆಲದ ಮೇಲೆ, ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತೆ. ಚಿತ್ರ ತಮಿಳೋ ಹಿಂದಿಯೋ ಈಗಲೂ ಗೊತ್ತಿಲ್ಲ. ಒಂದು ಮಾತೂ ಅರ್ಥವಾಗಲಿಲ್ಲ. ರಾಜ್ಯ ಕಳೆದುಕೊಂಡ ರಾಜಕುಮಾರಿಯೊಬ್ಬಳು ಗಂಡು ವೇಷ ಹಾಕಿಕೊಂಡು ಕಾಡಿನಲ್ಲಿದ್ದಳು. ಅವಳ ಹತ್ತಿರ ಒಂದು ಕೋವಿ. ಅದರ ನಳಿಗೆ ಅವಳ ಓಲೆಗಿಂತ ಹೆಚ್ಚು ಹೊಳೆಯುತ್ತಿತ್ತು. ಅವಳು ಅದನ್ನು ಒಂದು ಬೆರಳಿನ ಮೇಲೆ ಗಿರಗಿರನೆ ತಿರುಗಿಸಿ, ಗುರಿಯನ್ನೇ ನೋಡದೆ ಹಾರಿಸಿ, ಕೊನೆಗೆ ತುದಿಯಿಂದ ಏಳುವ ಹೊಗೆಯನ್ನು ತುಟಿ ಚೂಪು ಮಾಡಿ ಊದುತ್ತಿದ್ದಳು. ಆ ಊದುವುದಕ್ಕೆ ನಾನು ಸೋತುಹೋದೆ. ಊರಿಗೆ ಬಂದ ಮೇಲೆ ಲಟ್ಟಣಿಗೆಯನ್ನು ಬೆರಳಿನ ಮೇಲೆ ತಿರುಗಿಸಲು ಹೋಗಿ ಕಾಲಿನ ಹೆಬ್ಬೆರಳು ಜಜ್ಜಿಕೊಂಡೆ. ಅಮ್ಮ ಅರಿಸಿನ ಹಚ್ಚುತ್ತಾ, ಚಪಾತಿ ಒತ್ತಲು ಹೋಗಿದ್ದೆನೆಂದು ತಿಳಿದು, ಮಗಳಿಗೆ ಮನೆಗೆಲಸದಲ್ಲಿ ಆಸಕ್ತಿ ಹುಟ್ಟಿತು ಎಂದು ಸಂತೋಷಪಟ್ಟರು. ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಮನೆಯಿಂದ ಗದ್ದೆಯ ಬಯಲು ದಾಟಿದರೆ ಬೋಪಯ್ಯಜ್ಜನ ಮನೆ. ಗದ್ದೆ, ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ ಇದ್ದ ಹಿರಿಯರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬನೇ ಮಗ ಮಿಲಿಟರಿಯಲ್ಲಿದ್ದ. ಮನೆಯಲ್ಲಿ ಅಜ್ಜ ಮತ್ತು ಸೊಸೆ ದೇಚಮ್ಮಕ್ಕ. ಅಪ್ಪ ತರಿಸುತ್ತಿದ್ದ ಪತ್ರಿಕೆ ಅಪ್ಪ ಓದಿಯಾದ ಮೇಲೆ ಅಜ್ಜನ ಮನೆಗೆ ಹೋಗಬೇಕು. ಒಯ್ಯುವ ಕೆಲಸ ನನ್ನದು. ಹಾಗಾಗಿ ಗದ್ದೆಯ ಬದುವಿನ ಮೇಲೆ ಎಲ್ಲಿ ಮಣ್ಣು ಜಾರುತ್ತದೆ, ಎಲ್ಲಿ ನೀರು ಬಿಡುವ ಕಂಡಿ ಹಾರಬೇಕು ಎನ್ನುವುದು ನನ್ನ ಕಾಲಿಗೆ ಬಾಯಿಪಾಠವಾಗಿತ್ತು. ಸಿನಿಮಾ ನೋಡಿ ಬಂದ ಮರುದಿನ ಪತ್ರಿಕೆ ಕೊಟ್ಟವಳು ಹೊರಡದೆ ನಿಂತೆ. ಒಳಜಗಲಿಯ ಗೋಡೆಯಲ್ಲಿ ಜಿಂಕೆ ಕೊಂಬಿನ ಮೇಲೆ ಕೋವಿ ತೂಗಿತ್ತು. ಅಷ್ಟು ದಿನ ಅದರ ಕೆಳಗೇ ಓಡಾಡಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಒಂದು ಸಲ ಇಳಿಸಿ ತೋರಿಸಿ ಎಂದು ಗೋಗರೆದೆ.

ಅಜ್ಜ ಮೊದಲು ನನ್ನ ಕೈ ತೊಳೆಸಿದರು. ಆಮೇಲೆ ಕೋವಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಇಳಿಸಿದರು. ಜೋಡು ನಳಿಗೆ, ಹೊಳಪು ಎನ್ನುವುದು ಹುಡುಕಿದರೂ ಇರಲಿಲ್ಲ. ಮರದ ಹಿಡಿ ಎಂದೋ ಸೀಳಿದ್ದಕ್ಕೆ ತಾಮ್ರದ ತಂತಿ ಬಿಗಿದಿದ್ದರು. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ. ನನ್ನ ಎರಡು ತೋಳಿನ ಮೇಲೆ ಇಟ್ಟಾಗ, ತುಂಬಿದ ಕೊಡವನ್ನು ಯಾರೋ ಅಡ್ಡ ಮಲಗಿಸಿದ ಹಾಗಾಯಿತು. ತಿರುಗಿಸುವ ಮಾತಿರಲಿ, ನಾನೇ ಒಂದು ಕಡೆ ವಾಲಿದೆ. "ಇಷ್ಟೇನಾ ಅಜ್ಜ?" ಎಂದೆ.

ಅಜ್ಜ ನಕ್ಕರು. ನನ್ನ ಹೆಸರು ಸರಸು, ಅವರು ಮಾತ್ರ ಕುಂಞಿ ಎಂದು ಕರೆಯುತ್ತಿದ್ದರು. ಅವರ ಮಾತಿನಲ್ಲಿ ಮಗು ಎಂದು ಅರ್ಥ. ಸಿನಿಮಾದ ಕಥೆಯೆಲ್ಲ ನನ್ನ ಬಾಯಿಂದ ಕೇಳಿದರು. ಗುರಿ ನೋಡದೆ ಹೊಡೆದದ್ದನ್ನು ಮನ್ನಿಸಿದರು, ಗಂಡು ವೇಷವನ್ನು ಮನ್ನಿಸಿದರು, ಹೊಗೆ ಊದಿದ ಜಾಗಕ್ಕೆ ಬಂದಾಗ ಮಾತ್ರ ತಡೆದರು.

"ಊದಿದ್ದು ಎಂತಕ್ಕೆ ಕುಂಞಿ? ಅದೇನು ಕಾಫಿಯಾ, ಆರಿಸ್ಲಿಕ್ಕೆ?"

ಕೋವಿಯನ್ನು ದಾಟಬಾರದು, ಆಟಕ್ಕೂ ಮನುಷ್ಯರ ಕಡೆ ತೋರಿಸಬಾರದು, ತಿರುಗಿಸುವುದಂತೂ ದೂರದ ಮಾತು ಎಂದು ಅಜ್ಜ ಒಂದೊಂದಾಗಿ ಹೇಳಿ ಅದನ್ನು ಮತ್ತೆ ಕೊಂಬಿನ ಮೇಲೆ ಮಲಗಿಸಿದರು. ನಮ್ಮ ಈಳಿಗೆಮಣೆ ದಿನಾ ದುಡಿಯುತ್ತದೆ, ಇದಕ್ಕೆ ಬರೀ ಮರ್ಯಾದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ಹಬ್ಬದಲ್ಲಾದರೂ ಕೋವಿ ತನ್ನ ಪ್ರತಾಪ ತೋರಿಸೀತು ಎಂದು ಕಾದೆ. ಹಬ್ಬಕ್ಕೆ ಕೋವಿಯ ನಳಿಗೆಗೆ ಸಿಕ್ಕಿಸಲು ಕೆಂಪು ಹಳದಿಯ ತೋಕ್ ಪೂ ಬೇಕು. ಬೇಲಿಬೇಲಿ ಹುಡುಕಿ, ಕೈಯೆಲ್ಲ ತರಚಿಕೊಂಡು, ಒಂದು ಮಡಿಲು ಹೂ ತಂದುಕೊಟ್ಟೆ. ಪೂಜೆಯಾಯಿತು. ಗಂಡಸರೆಲ್ಲ ಬಯಲಿನಲ್ಲಿ ಸೇರಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಒಬ್ಬೊಬ್ಬರಾಗಿ ಹೊಡೆದರು. ನಾನು ಕಾಯಿ ಸಾವಿರ ಚೂರಾಗಿ ಆಕಾಶಕ್ಕೆ ಹಾರುವುದನ್ನು ನೋಡಲು ಬಂದಿದ್ದೆ. ಅಜ್ಜನ ದಾಯಾದಿ ಉತ್ತಯ್ಯ ಮಾವ ಹೊಡೆದದ್ದು ಎಲೆಗೆ ಬಿತ್ತು. ಅಜ್ಜ ಹೊಡೆಯುವಾಗ ನಾನು ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ತೆರೆದು ನೋಡಿದರೆ ಕಾಯಿ ಅಲ್ಲೇ ನೇತಾಡುತ್ತಿತ್ತು. ನಾಲ್ಕು ತೂತು ಬಿದ್ದು ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರೂ ಅಜ್ಜನ ಬೆನ್ನು ತಟ್ಟಿದರು. ನನಗೆ ಅಳು ಬಂತು.

ಇಷ್ಟಾದ ಮೇಲೆ ಆಸೆ ಬಿಡಬೇಕಿತ್ತಲ್ಲ? ಬಿಡಲಿಲ್ಲ. ಕಂಡ ಕೋವಿ ಒಂದು ಕಡೆ, ಆಸೆಯ ಕೋವಿ ಇನ್ನೊಂದು ಕಡೆ ಇತ್ತು. ನಾನು ಕೋವಿಯ ಕುದುರೆ, ಅಂದರೆ ಬೆರಳು ಹಾಕಿ ಎಳೆಯುವ ಕೊಕ್ಕೆ, ಎಳೆದರೆ ಬೇರೆಯೇ ಏನೋ ಆಗುತ್ತದೆ, ಇವರೆಲ್ಲ ಸರಿಯಾಗಿ ಎಳೆಯುತ್ತಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ದಿನವೂ ಪತ್ರಿಕೆ ಕೊಟ್ಟು, ಒಂದು ಸಲ ಅಜ್ಜ, ಒಂದೇ ಸಲ ಎಂದು ಪೀಡಿಸುತ್ತಿದ್ದೆ. ಅಪ್ಪನ ಕಿವಿಗೆ ಬಿದ್ದು ಅವರು ಬೈದರು. ಪೀಡಿಸುವುದನ್ನು ಆಮೇಲೆ ಮೆಲ್ಲಗೆ ಮಾಡಿದೆ.

ಆ ವರ್ಷ ಸುಗ್ಗಿಯ ಹುತ್ತರಿ ಹಬ್ಬಕ್ಕೆ ಅಜ್ಜನ ಮಗ ರಜೆಯ ಮೇಲೆ ಬಂದು ಹೋದ. ಕೆಲವು ತಿಂಗಳಿಗೆ ದೇಚಮ್ಮಕ್ಕ ಬಸುರಿ ಎಂದು ತಿಳಿಯಿತು. ತವರಿನಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ ಹೆರಿಗೆ ಇಲ್ಲೇ ಎಂದಾಯಿತು. ಒಂದು ದಿನ ಅಜ್ಜ ನನ್ನನ್ನು ಅಡಿಗೆಮನೆಗೆ ಕರೆದರು. ಒಲೆಯ ಮೇಲಿನ ಹಲಗೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಮಳೆಗಾಲಕ್ಕೆ ರಟ್ಟಿನ ತೋಟಾ ಥಂಡಿ ಹಿಡಿಯುತ್ತದೆಂದು ಅಲ್ಲಿ ಇಡುತ್ತಿದ್ದರು. ಒಳಗೆ ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿದ ಮೂರು ಕೆಂಪು ತೋಟಾ.

ನಮ್ಮ ಊರಿನಲ್ಲಿ ಕೋವಿಯೇ ಸುದ್ದಿ ಹೇಳುತ್ತಿದ್ದದ್ದು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು ಗುಂಡು. ಎರಡು ಕೇಳಿದರೆ ಗದ್ದೆಯಲ್ಲಿದ್ದವರು ನೇಗಿಲು ಬಿಟ್ಟು ಆ ಮನೆಗೆ ನಡೆಯುತ್ತಿದ್ದರು. ಅಜ್ಜ ತೋಟಾಗಳನ್ನು ಮಣೆಯ ಮೇಲೆ ನಿಲ್ಲಿಸಿ ಎರಡನ್ನು ಬೇರೆ ಸರಿಸಿದರು.

"ಈ ಎರಡು ನಂದು. ಊರೆಲ್ಲ ಕೇಳ್ತದೆ, ನಾನೊಬ್ಬ ಕೇಳೋದಿಲ್ಲ," ಎಂದರು. ಆಮೇಲೆ ಉಳಿದ ಒಂದರ ತಲೆ ಮುಟ್ಟಿ, "ಇದು ಮಗು ಹುಟ್ಟಿದಾಗ. ಕೋವಿ ನಾನು ಹಿಡಿತೇನೆ, ಕುದುರೆ ನೀನು ಎಳಿ," ಎಂದರು.

ನನಗೆ ಕುಣಿಯುವಂತಾಯಿತು. ಆದರೆ ಮೇಷ್ಟರ ಮಗಳಲ್ಲವೇ, ಲೆಕ್ಕದಲ್ಲಿ ಒಂದು ತೊಡಕು ಕಂಡಿತು. ಹೆಣ್ಣಾದರೆ ಗುಂಡಿಲ್ಲವಲ್ಲ, ಆಗೇನು ಎಂದು ಕೇಳಿದೆ.

"ಹೆಣ್ಣಾದ್ರೂ ಹೊಡೆಯುವ. ಗಂಡು ಅಂತ ತಿಳ್ಕೊಂಡು ಎಲ್ಲ ಬರಲಿ. ಬಂದ ಮೇಲೆ ನೋಡಲಿ."

ದೇಚಮ್ಮಕ್ಕ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡು, ಮುಖ ತಿರುಗಿಸಿ ನಗುತ್ತಿದ್ದರು. ಊರಿಗೇ ಸುಳ್ಳು ಹೇಳುವ ಅಜ್ಜನ ಸಂಚಿನಲ್ಲಿ ಪಾಲುದಾರಳಾದೆನೆಂದು ನನಗೆ ಎಷ್ಟು ಹೆಮ್ಮೆ! ಅಂದಿನಿಂದ ಪತ್ರಿಕೆ ಕೊಡಲು ಹೋದಾಗಲೆಲ್ಲ ದೇಚಮ್ಮಕ್ಕನ ಹೊಟ್ಟೆಯನ್ನು ನಾನು ನೋಡುತ್ತಿದ್ದ ರೀತಿ, ಹೆರಿಗೆ ಮಾಡಿಸುವ ಸೂಲಗಿತ್ತಿಯೂ ನೋಡುತ್ತಿರಲಿಲ್ಲ.

ಜಡಿಮಳೆಯ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ಮಳೆ ಒಂದು ಬೆಳಿಗ್ಗೆ ಬಿಡುವು ಕೊಟ್ಟಿತು. ಅಂದು ಭಾನುವಾರ. ಅಮ್ಮ ಹಪ್ಪಳ ಒಣಗಿಸುವ ಹಳೆಯ ಸೀರೆಯನ್ನು ಬಿಸಿಲಿಗೆ ಹರವುತ್ತಿದ್ದರು, ನಾನು ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ಗದ್ದೆಯ ಆಚೆಯಿಂದ ಒಂದು ಗುಂಡಿನ ಸದ್ದು ಬಂತು. ನಾನು ಉಸಿರು ಬಿಗಿಹಿಡಿದು ನಿಂತೆ. ಇನ್ನೊಂದು ಬರಲಿಲ್ಲ. ಬರಲೇ ಇಲ್ಲ.

"ಅಮ್ಮ, ಪಾಪು ಹುಟ್ತು," ಎಂದು ಕೂಗಿದೆ. ಆಮೇಲೆ ನನಗೆ ಅಳು ಬಂತು, ಅಜ್ಜ ನನ್ನನ್ನು ಬಿಟ್ಟು ಹೊಡೆದುಬಿಟ್ಟರಲ್ಲ ಎಂದು. ಅಮ್ಮ ನಗುತ್ತಾ, ಒಳ್ಳೆ ಸುದ್ದಿಗೆ ಅಳಬಾರದು ಎಂದು ನನ್ನ ಬಾಯಿಗೆ ಒಂದು ದೊಡ್ಡ ಉಂಡೆ ಬೆಲ್ಲ ತುರುಕಿದರು. ಬಾಣಂತಿಗೆ ಎಂದು ಒಂದು ಸೀಸೆ ತುಪ್ಪ ಕೈಗೆ ಕೊಟ್ಟರು. ನಾನು ಓಡಿದೆ. ಓಡುತ್ತಾ ಕೋಪ ಇಳಿಯಿತು. ಹೊಡೆದದ್ದು ಹೊಡೆದಾಯಿತು, ಇನ್ನೆರಡು ತೋಟಾ ಇದೆಯಲ್ಲ, ಅಜ್ಜನ ಜೊತೆ ಜಗಳ ಮಾಡಿ ಅದರಲ್ಲೊಂದು ಕಿತ್ತುಕೊಳ್ಳುತ್ತೇನೆ, ಅಜ್ಜನಿಗೆ ಈಗಲೇ ಎರಡೂ ಯಾಕೆ, ಎಂದು ಲೆಕ್ಕ ಹಾಕಿದೆ. ನಾಟಿಯಾದ ಗದ್ದೆಯಲ್ಲಿ ಬಿಸಿಲು ಬಿದ್ದು ನೀರೆಲ್ಲ ಮಿನುಗುತ್ತಿತ್ತು. ಆಚೆ ಬದುವಿನ ಮೇಲೆ ಇಬ್ಬರು ಹೆಂಗಸರು ಬುಟ್ಟಿ ಹೊತ್ತು, ನಗುತ್ತಾ ಮಾತಾಡುತ್ತಾ, ಅದೇ ಮನೆಯ ಕಡೆ ಬರುತ್ತಿದ್ದರು. ಕಂಡಿಯನ್ನು ಒಂದೇ ನೆಗೆತಕ್ಕೆ ಹಾರಿದೆ. ಅಷ್ಟು ಹಗುರವಾಗಿ ನಾನು ಆಮೇಲೆ ಎಂದೂ ಓಡಿಲ್ಲ.

ಅಂಗಳದಲ್ಲಿ ಉತ್ತಯ್ಯ ಮಾವ ಕೋವಿಯನ್ನು ಮಡಚಿ ಹಿಡಿದು ನಿಂತಿದ್ದರು. ದೇಚಮ್ಮಕ್ಕ ಮೆಟ್ಟಿಲ ಮೇಲೆ ಕಂಬ ಹಿಡಿದು ಕೂತಿದ್ದರು, ಹೊಟ್ಟೆ ಹಾಗೇ ಇತ್ತು. ಒಳಜಗಲಿಯ ಬೆಂಚಿನ ಮೇಲೆ ಅಜ್ಜ ಮಲಗಿದ್ದರು. ಹೊದಿಕೆಯಿಂದ ಅವರ ಎರಡು ಪಾದ ಹೊರಗಿತ್ತು. ಬೆಳಿಗ್ಗೆ ಕಾಫಿ ಕುಡಿದು, ಸ್ವಲ್ಪ ಒರಗುತ್ತೇನೆ ಎಂದು ಮಲಗಿದವರಂತೆ. ಎಬ್ಬಿಸಲು ಹೋದರೆ ಏಳಲಿಲ್ಲ.

ನನಗೆ ಅರ್ಥವಾಗಿದ್ದು ಮೆಲ್ಲಗೆ. ಬೆಳಿಗ್ಗೆಯೇ ಅಲ್ಲಿಗೆ ಬಂದಿದ್ದ ಉತ್ತಯ್ಯ ಮಾವ ಹೊಡೆದ ಮೊದಲ ಗುಂಡು ಹಾರಿತ್ತು. ಎರಡನೆಯದಕ್ಕೆ ಕುದುರೆ ಎಳೆದರೆ ಟಿಕ್ ಎಂದಿತು. ಮತ್ತೆ ಎಳೆದರೂ ಟಿಕ್. ಒಲೆಯ ಮೇಲಿದ್ದರೂ ತೋಟಾ ಥಂಡಿ ಹಿಡಿದಿತ್ತು. ಸಾಯುವವರೆಗೆ ಜೋಪಾನ ಮಾಡಿಟ್ಟ ಎರಡರಲ್ಲಿ ಒಂದು ಕೈಕೊಟ್ಟು, ಅಜ್ಜ ತೀರಿಕೊಂಡ ಸುದ್ದಿ ಊರಿಗೆಲ್ಲ ಗಂಡು ಮಗು ಹುಟ್ಟಿದ ಸುದ್ದಿಯಾಗಿ ಹೋಗಿತ್ತು. ಡಬ್ಬಿಯಲ್ಲಿ ಉಳಿದದ್ದು ಮೂರನೆಯದು. ಉತ್ತಯ್ಯ ಮಾವ ಅದನ್ನು ಮುಟ್ಟಲು ಹಿಂಜರಿದು, ತಮ್ಮ ಮನೆಯಿಂದ ಬೇರೆ ತೋಟಾ ತರಲು ಆಳನ್ನು ಕಳಿಸಲು ನೋಡುತ್ತಿದ್ದರು. ಅವರ ಮನೆ ಗುಡ್ಡದ ಆಚೆ.

"ಹೆರಿಗೆಗೆ ಅಂತ ಇಟ್ಟದ್ದನ್ನ ಸಾವಿಗೆ ಹೊಡೆಯೋದು ಹೇಗೆ ದೇಚು?" ಎಂದರು. ತುಂಬಿದ ಬಸುರಿಯ ಎದುರು ಅವರಿಗೆ ಧೈರ್ಯ ಬರಲಿಲ್ಲ.

ಬದುವಿನ ಮೇಲೆ ಬುಟ್ಟಿ ಹೊತ್ತವರು ಇನ್ನೂ ನಗುತ್ತಾ ಬರುತ್ತಿದ್ದುದು ಅಂಗಳಕ್ಕೆ ಕಾಣುತ್ತಿತ್ತು. ದೇಚಮ್ಮಕ್ಕ ಅವರನ್ನು ನೋಡಿದರು, ನನ್ನ ಕೈಯಲ್ಲಿದ್ದ ತುಪ್ಪದ ಸೀಸೆಯನ್ನು ನೋಡಿದರು.

"ಹೊಡೀರಿ ಉತ್ತಯ್ಯಣ್ಣ. ಮಾವನ ಮನೆಗೆ ಜನ ನಗ್ತಾ ಬರೋದು ಬೇಡ. ಕುದುರೆ ಮಾತ್ರ ಸರಸು ಎಳೀಲಿ. ಮಾವ ಅವಳಿಗೆ ಕೊಟ್ಟ ಮಾತುಂಟು."

ನನಗೆ ಬೇಡ ಎಂದು ಹೇಳಬೇಕಿತ್ತು. ಬಾಯಿ ತುಂಬ ಬೆಲ್ಲವಿತ್ತು. ಉಗುಳಲೂ ಆಗದೆ, ನುಂಗಲೂ ಆಗದೆ ನಿಂತೆ. ಉತ್ತಯ್ಯ ಮಾವ ಕೋವಿಯನ್ನು ಹೆಗಲಿಗೆ ಒತ್ತಿ, ನಳಿಗೆ ಆಕಾಶಕ್ಕೆ ಮಾಡಿ, ಮಂಡಿಯೂರಿದರು. ನನ್ನ ಒಂದು ಬೆರಳಿಗೆ ಕುದುರೆ ಬಗ್ಗಲಿಲ್ಲ. ಎರಡು ಬೆರಳು ಹಾಕಿ ಎಳೆದೆ.

ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ನೋಡಲು ಏನೂ ಇರಲಿಲ್ಲ. ಯಾರೋ ದೊಡ್ಡ ಹಲಗೆಯನ್ನು ನೆಲಕ್ಕೆ ಎತ್ತಿ ಹಾಕಿದ ಹಾಗೆ ಒಂದು ಒರಟು ಸದ್ದು, ಮೂಗಿಗೆ ಘಾಟು, ಅಷ್ಟೇ. ಸದ್ದು ತಡಿಯಂಡಮೋಳ್ ಬೆಟ್ಟದ ಕಡೆಗೆ ಹೋಗಿ ಸಣ್ಣದಾಗಿ ತಿರುಗಿ ಬಂತು. ಸಿನಿಮಾದಲ್ಲಿ ಗುಂಡು ತಗುಲಿದವರು ಎದೆ ಹಿಡಿದುಕೊಂಡು ಬೀಳುತ್ತಿದ್ದರು. ಇಲ್ಲಿ ಯಾರೂ ಬೀಳಲಿಲ್ಲ. ಬದುವಿನ ಮೇಲೆ ಬರುತ್ತಿದ್ದ ಇಬ್ಬರೂ ನಿಂತುಬಿಟ್ಟರು. ಒಬ್ಬರು ಬುಟ್ಟಿಯನ್ನು ಮೆಲ್ಲಗೆ ಕೆಳಗಿಳಿಸಿದರು. ನನ್ನ ಎರಡು ಬೆರಳು ಅವರ ನಗುವನ್ನು ನಿಲ್ಲಿಸಿತ್ತು. ಬೋಪಯ್ಯಜ್ಜ ಇನ್ನಿಲ್ಲ ಎಂದು ಊರಿಗೆಲ್ಲ ಹೇಳಿದವಳು ನಾನು.

ಊರಿನ ರೀತಿ ಇನ್ನೂ ಸರಿಯಾಗಿ ತಿಳಿಯದ ಅಮ್ಮ ಎರಡನೆಯ ಸದ್ದು ಕೇಳಿ, ಅವಳಿ ಗಂಡು ಮಕ್ಕಳು ಎಂದು ಇನ್ನೊಂದು ಸೀಸೆಗೆ ತುಪ್ಪ ತುಂಬಿಸಲು ಹೋದರಂತೆ. ಅಪ್ಪ ಶಲ್ಯ ಹೊದ್ದು ಹೊರಟರಂತೆ. ಉತ್ತಯ್ಯ ಮಾವ ಕೋವಿ ಮಡಚಿ ಖಾಲಿ ತೋಟಾವನ್ನು ತೆಗೆದು ನನ್ನ ಕೈಗಿಟ್ಟರು. ಬಿಸಿಯಾಗಿತ್ತು. ಹೊಗೆಯ ಎಳೆಯೊಂದು ಅದರ ಬಾಯಿಂದ ಏಳುತ್ತಿತ್ತು. ನಾನು ಊದಲಿಲ್ಲ.

ಎಂಟು ದಿನಕ್ಕೆ ದೇಚಮ್ಮಕ್ಕನಿಗೆ ಹೆಣ್ಣು ಮಗುವಾಯಿತು. ಕೋವಿ ಕೊಂಬಿನ ಮೇಲೇ ಇತ್ತು. ಊರಿಗೆ ಸುಳ್ಳು ಹೇಳಲು ಅಜ್ಜನೂ ಇರಲಿಲ್ಲ, ತೋಟಾವೂ ಇರಲಿಲ್ಲ. ಮುಂದಿನ ವರ್ಷ ಅಪ್ಪನಿಗೆ ಸೋಮವಾರಪೇಟೆಗೆ ವರ್ಗವಾಯಿತು. ಕೂರ್ಗ್ ರಾಜ್ಯವೂ ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ. ಸೂಜಿಗೊಂದು ಡಬ್ಬಿ ಬೇಕಾದಾಗ ಈ ಕೊಳವೆ ಕೆಲಸಕ್ಕೆ ಬಂತು.

ಮೊಮ್ಮಗಳು ಟಿವಿಯಲ್ಲಿ ಕೋವಿ ಹಾರುವುದನ್ನು ನೋಡುವಾಗ ಈಗಲೂ ಪಕ್ಕದಲ್ಲಿ ಕೂರುತ್ತೇನೆ. ಮೊದಲ ಗುಂಡಿನ ಸದ್ದಿಗೆ ನನಗೆ ಏನೂ ಆಗುವುದಿಲ್ಲ. ಎರಡನೆಯದು ಬರುವ ಮೊದಲು ಎದ್ದು ಅಡಿಗೆಮನೆಗೆ ಹೋಗಿಬಿಡುತ್ತೇನೆ, ಒಗ್ಗರಣೆಯ ನೆಪ ಮಾಡಿಕೊಂಡು. ಈ ವಯಸ್ಸಿನಲ್ಲಿ ಏನು ಬೇಕು ಎಂದು ಯಾರಾದರೂ ಕೇಳಿದರೆ ನಗುತ್ತೇನೆ, ಏನೂ ಬೇಡ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಒಂದು ಬೇಕು. ಮೊದಲ ಗುಂಡು ಕೇಳಿಸಿ ಎರಡನೆಯದು ಕೇಳಿಸದ ಆ ಸ್ವಲ್ಪ ಹೊತ್ತು ಬೇಕು. ಗದ್ದೆಯ ಬದುವಿನ ಮೇಲೆ ಓಡುತ್ತಿರಬೇಕು, ಅಜ್ಜನ ಜೊತೆ ಆಡಬೇಕಾದ ಜಗಳ ಮನಸ್ಸಿನಲ್ಲಿ ತಯಾರಿರಬೇಕು, ಬಾಯಲ್ಲಿ ಬೆಲ್ಲ ಇನ್ನೂ ಕರಗಿರಬಾರದು.